ಗುಳಿಗೆಗೆ ಟಿಕೆಟ್ಟೋ, ಪಾಸೋ?

ಭಾನುವಾರ ಬೆಳಗಿನ ಉಪ್ಪಿಟ್ಟು ಇನ್ನೂ ಒಲೆಯ ಮೇಲೇ ಇತ್ತು. ಅಷ್ಟರಲ್ಲಿ ಫಕೀರಪ್ಪ ತನ್ನ ಹೊಸ ಯಂತ್ರವನ್ನು ತಂದು ಅಕ್ಕನ ಮನೆಯ ಊಟದ ಮೇಜಿನ ನಟ್ಟನಡುವೆ ಇಟ್ಟು, ಅದಕ್ಕೊಂದು ಟವೆಲ್ ಹೊದಿಸಿ, ಪಕ್ಕದಲ್ಲಿ ಎದೆಯುಬ್ಬಿಸಿಕೊಂಡು ನಿಂತುಬಿಟ್ಟಿದ್ದ.

"ಅಕ್ಕಾ, ಒಲಿ ಆರಿಸಿ ಬಾ! ಮಾಮಾ, ಪೇಪರ್ ಮಡಚಿ ಇಡ್ರಿ! ಉದ್ಘಾಟನಾ ಐತಿ. ಪರದೆ ಸರಸೋರು ಯಾರು?"

"ಅದೆಲ್ಲಿ ಪರದೆನೋ? ನೀ ಮುಖಾ ಒರಸೋ ಟವೆಲ್ಲು ಅದು," ಎಂದರು ಅಡುಗೆಮನೆಯಿಂದ ಕಸ್ತೂರಕ್ಕ. "ಮೊದಲ ಅದನ್ನ ಮೇಜಿನ ಮ್ಯಾಲಿಂದ ತಗಿ. ಅಲ್ಲೆ ಕುಂತು ಉಣ್ಣೋರು ನಾವು."

ಕಸ್ತೂರಕ್ಕ ಹುಬ್ಬಳ್ಳಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮೂವತ್ತಮೂರು ವರ್ಷ ಅಕ್ಕೋರಾಗಿ, ಅರ್ಧ ಓಣಿಗೆ ಮಗ್ಗಿ ಕಲಿಸಿ ನಿವೃತ್ತರಾದವರು. ಫಕೀರಪ್ಪ ಅವರ ತಮ್ಮ. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ನಿವೃತ್ತನಾದ ಮೇಲೂ ಅವನ ಕೈ ಸುಮ್ಮನೆ ಕೂರಲಿಲ್ಲ. ಹೋದ ವರ್ಷ ಕುಕ್ಕರಿನ ಸೀಟಿ ಎಣಿಸಿ ತಾನೇ ಗ್ಯಾಸ್ ಆರಿಸುವ ಯಂತ್ರ ಮಾಡಿಕೊಟ್ಟಿದ್ದ. ಅದು ಅಕ್ಕಪಕ್ಕದ ನಾಲ್ಕು ಮನೆಯ ಸೀಟಿಗಳನ್ನೂ ಕೂಡಿಸಿ ಎಣಿಸುತ್ತಿದ್ದುದರಿಂದ ಕಸ್ತೂರಕ್ಕನ ಮನೆಯಲ್ಲಿ ಎರಡು ತಿಂಗಳು ಬೇಳೆಯೇ ಬೇಯಲಿಲ್ಲ!

ಆದರೆ ಈ ಸಲ ಅವನನ್ನು ನಡುವೆ ಕರೆದವರು ಸ್ವತಃ ಕಸ್ತೂರಕ್ಕ ಮತ್ತು ಅವರ ಯಜಮಾನರು. ಮನೆಯ ಜಗಳ ಅಲ್ಲಿಯವರೆಗೆ ಹೋಗಿತ್ತು.

ಜಗಳ ಹುಟ್ಟಿದ್ದು ಗುಳಿಗೆಯಿಂದ. ಡಾಕ್ಟರು ಕಸ್ತೂರಕ್ಕನಿಗೆ ಬಿ ಟ್ವೆಲ್ವ್ ಬರೆದುಕೊಟ್ಟಿದ್ದರು, ಅವರ ಯಜಮಾನರಾದ ಗುರುಶಿದ್ದಪ್ಪನವರಿಗೆ ವಿಟಮಿನ್ ಡಿ. ಬರೆದದ್ದು ಅಷ್ಟೇ. ಆದರೆ ಬೆಳಗಿನ ವಾಕಿಂಗಿನಲ್ಲಿ ಗೆಳತಿಯರು ಹೇಳಿದ್ದನ್ನೆಲ್ಲ ಕಸ್ತೂರಕ್ಕ ಮನಸ್ಸಿಗೆ ಹಾಕಿಕೊಂಡು, ಸಂಜೆ ನದಾಫ್ ಮೆಡಿಕಲ್‌ಗೆ ಹೋಗಿ ಒಂದೊಂದಾಗಿ ಕೊಂಡು ತರುತ್ತಿದ್ದರು. ಮೊಣಕಾಲಿಗೊಂದು, ಕೂದಲಿಗೊಂದು, ಉಗುರಿಗೊಂದು, ನೆನಪಿನ ಶಕ್ತಿಗೊಂದು. ನೆನಪಿನ ಶಕ್ತಿಯದನ್ನು ನುಂಗಲು ಮಾತ್ರ ದಿನವೂ ಮರೆಯುತ್ತಿದ್ದರು. ಹೀಗೆ ಮೇಜಿನ ಮೇಲೆ ಹನ್ನೊಂದು ಡಬ್ಬಿ ಜಮಾಯಿಸಿದ್ದವು.

ಗುರುಶಿದ್ದಪ್ಪನವರು ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ಅಳೆದು, ಯಾವುದಕ್ಕೂ ಒಂದು ಗಡಿ ಇರಬೇಕೆಂದು ನಂಬಿದವರು. ಮೊಬೈಲಿನಲ್ಲಿ 'ನಿತ್ಯಸತ್ವ' ಎಂಬ ಕಂಪನಿಯ ಜಾಹೀರಾತು ನೋಡಿದ ದಿನದಿಂದ ಅವರಿಗೆ ನಿದ್ದೆಯಿಲ್ಲ.

"ಚಂದಾ ಮಾಡಿಬಿಟ್ರ ಆತು! ತಿಂಗಳಾ ತಿಂಗಳಾ ಮನಿ ಬಾಗಲಿಗೆ ಪೆಟ್ಟಿಗಿ ಬರ್ತೈತಿ. ದಿನಕ್ಕ ಒಂದು ಪಾಕೀಟು. ಹರಿ, ನುಂಗು, ನೀರು ಕುಡಿ. ಮರಿಯೋ ಮಾತ ಇಲ್ಲ!"

"ಬ್ಯಾಡಾದ ತಿಂಗಳಾನೂ ಬರ್ತೈತಲ್ರೀ? ನಂಗ ಏನ್ ಬೇಕೋ ಅದನ್ನ, ಬೇಕಾದಾಗ, ಬೇಕಾದಷ್ಟ, ಕೈಯಾಗ ಹಿಡದು ನೋಡಿ ತರ್ತೀನಿ. ಅದರಾಗ ಏನ್ ತಪ್ಪೈತಿ?"

"ಬೇಕಾದಷ್ಟ ಅಂತ ನೋಡು! ಹನ್ನೊಂದು ಡಬ್ಬಿ ಅದಾವಲ್ಲಿ!"

"ಎಣಸೀರಿ? ಬೇಳಿ ಆರಿಸಿಕೊಡ್ರಿ ಅಂದ್ರ ಕಣ್ಣು ಕಾಣಂಗಿಲ್ಲ!"

ಕಸ್ತೂರಕ್ಕನಿಗೆ ಇನ್ನೊಂದು ಸಂಕಟವಿತ್ತು, ಗಂಡನಿಗೆ ಹೇಳಿರಲಿಲ್ಲ. ಮೆಡಿಕಲ್ ಅಂಗಡಿಯ ದಸ್ತಗೀರ್ ನದಾಫ್ ಅವರ ಹಳೆಯ ವಿದ್ಯಾರ್ಥಿ. ಸಂಜೆ ಅವನ ಅಂಗಡಿಯ ಕಟ್ಟೆಯ ಮೇಲೆ ಕೂತು ಹತ್ತು ನಿಮಿಷ ಓಣಿಯ ಸುದ್ದಿ ಕೇಳುವುದು ನಿವೃತ್ತಿಯ ನಂತರ ಅವರಿಗೆ ದಕ್ಕಿದ ದೊಡ್ಡ ಸುಖ. ಚಂದಾ ಮಾಡಿದರೆ ಯಾವ ನೆಪ ಹೇಳಿ ಹೋಗುವುದು?

ಮೂರು ವಾರ ಚಕಮಕಿ ನಡೆದು, ಕಡೆಗೆ "ಹಂಗಾರ ಫಕೀರಪ್ಪ ಹೇಳಲಿ" ಎಂದು ಇಬ್ಬರೂ ಒಪ್ಪಿದ್ದರು. ಫಕೀರಪ್ಪ ಬಾಯಲ್ಲಿ ಹೇಳುವ ಜಾತಿಯವನಲ್ಲ. ಯಂತ್ರ ಮಾಡಿದ.

ಟವೆಲ್ ಸರಿಯಿತು. ಗುಜರಿಯಿಂದ ತಂದ ಹಳೆಯ ಬಸ್ ಟಿಕೆಟ್ ಯಂತ್ರ. ಅದರ ಮುಂದೆ ತಾಮ್ರದ ಬಟ್ಟಲು. ಎಡಗಡೆ ಕಂಡಕ್ಟರನ ಸೀಟಿ. ಬಲಗಡೆ ತಿರುಗಿಸುವ ಗುಂಡಿ. ಮೇಜಿನ ಕೆಳಗೆ ಬಸ್ಸಿನ ಬ್ಯಾಟರಿಯೊಂದು ಎಮ್ಮೆಯ ಹಾಗೆ ಮಲಗಿತ್ತು.

"ಇದರ ಹೆಸರು ಸತ್ವ ಕಂಡಕ್ಟರ್!" ಎಂದ ಫಕೀರಪ್ಪ. "ಮನುಷ್ಯಾರ ಮೈಯಾಗ ಏನ್ ಕಡಿಮಿ ಐತೋ ಅದು ಹೆಬ್ಬೆಟ್ಟಿನ ಬೆವರಿನ್ಯಾಗ ಬಂದಿರ್ತೈತಿ. ಬಟ್ಟಲದಾಗ ಹೆಬ್ಬೆಟ್ಟು ಇಟ್ರ ಸಾಕು, ಕಡಿಮಿ ಬಿದ್ದದ್ದನ್ನ ಹಿಡದು ಟಿಕೆಟ್ ಹರಿದು ಕೊಡ್ತೈತಿ. ಈಗ ಕೇಳ್ರಿ ಮುಖ್ಯ ಮಾತು. ಯಾವಾಗರ ಒಮ್ಮಿ ಹೋಗೋ ಊರಿಗೆ ನಾವು ಏನ್ ತಗೋತೀವಿ?"

"ಟಿಕೆಟ್," ಎಂದರು ಗುರುಶಿದ್ದಪ್ಪನವರು.

"ದಿನಾ ಹೋಗೋ ಊರಿಗೆ?"

"ಪಾಸು."

"ಗುಳಿಗೀನೂ ಅಷ್ಟ! ಒಮ್ಮಿ ಬೇಕಾದ್ದಕ್ಕ ಟಿಕೆಟ್ ಬರ್ತೈತಿ, ಅಂಗಡಿಯಾಗ ಬಿಡಿ ತಗೋರಿ. ದಿನಾ ಬೇಕಾದ್ದಕ್ಕ ಪಾಸ್ ಬರ್ತೈತಿ, ಚಂದಾ ಮಾಡ್ರಿ. ಜಗಳ ಖಲಾಸ್!"

ಕಸ್ತೂರಕ್ಕ ಕುರ್ಚಿ ಎಳೆದು ಕೂತರು. ಅವನ ಮಾತಿನಲ್ಲಿ ಅರ್ಥವಿದ್ದದ್ದು ಅವರಿಗೆ ನೆನಪಿರುವಂತೆ ಇದೇ ಮೊದಲು.

ಮೊದಲು ಗುರುಶಿದ್ದಪ್ಪನವರು ಬೆರಳಿಟ್ಟರು. ಪೀ...! ಎಂದು ಸೀಟಿ ಊದಿತು. ಯಂತ್ರದೊಳಗಿಂದ ಗೊಗ್ಗರು ದನಿಯೊಂದು, "ಯಾರ್ರೀ ಟಿಕೆಟ್? ರೈಟ್ ರೈಟ್!" ಎಂದು ಕೂಗಿತು.

"ನಮ್ಮ ದೋಸ್ತ ಕಂಡಕ್ಟರ್ ಬಾಳಪ್ಪನ ದನಿ ತುಂಬೀನಿ," ಎಂದ ಫಕೀರಪ್ಪ. "ಬರೇ ಮಷೀನಂದ್ರ ಮಂದಿ ಕೇಳಂಗಿಲ್ಲ."

ಟಿಕೆಟ್ ಹೊರಬಂತು: 'ವಿಟಮಿನ್ ಡಿ. ಟಿಕೆಟ್ ಒಂದು. ಬಿಸಿಲಿನಲ್ಲಿ ಇಳಿಯಿರಿ.'

ಆಮೇಲೆ ಕಸ್ತೂರಕ್ಕ. ಸೀಟಿ, ರೈಟ್ ರೈಟ್, ಟಿಕೆಟ್: 'ಬಿ ಟ್ವೆಲ್ವ್. ಪಾಸ್. ಉಳಿದ ಪ್ರಯಾಣ ಅನಗತ್ಯ.'

ಫಕೀರಪ್ಪ ಕೈ ಕಟ್ಟಿಕೊಂಡು ಚಪ್ಪಾಳೆಗೆ ಕಾದ. ಚಪ್ಪಾಳೆ ಬರಲಿಲ್ಲ.

"ಒಂದ?" ಎಂದರು ಗುರುಶಿದ್ದಪ್ಪನವರು, ಮದುವೆ ಊಟಕ್ಕೆ ಹೋಗಿ ಬರೀ ಚಹಾ ಕುಡಿದು ಬಂದವರ ಮುಖ ಮಾಡಿ. "ಅರವತ್ತಾರು ವರ್ಷದ ಮೈಯಾಗ ಒಂದ ಕಡಿಮಿ? ಒಂದಕ್ಕ ಯಾರು ಪೆಟ್ಟಿಗಿ ಕಳಸ್ತಾರ?"

"ನನ್ನ ಒಂಬತ್ತು ಡಬ್ಬಿ ಅನಗತ್ಯ ಅಂದ್ರ?" ಎಂದರು ಕಸ್ತೂರಕ್ಕ. "ಮೊಣಕಾಲು ನೋಯೋದು ನಂಗೋ, ಬಾಳಪ್ಪಗೋ? ಇನ್ನೊಮ್ಮಿ ನೋಡೋ. ಸರೀ ನೋಡು."

"ಹೌದು, ಜೋರ್ ಮಾಡಿ ನೋಡು," ಎಂದರು ಯಜಮಾನರು. ಮೂರು ವಾರದಲ್ಲಿ ಇಬ್ಬರೂ ಒಂದೇ ಕಡೆ ನಿಂತದ್ದು ಆಗಲೇ.

ಫಕೀರಪ್ಪನಿಗೆ ಹುರುಪು ಬಂತು. ಗುಂಡಿಯ ಸುತ್ತ ಮೂರು ಗುರುತುಗಳಿದ್ದವು: ಸಾಮಾನ್ಯ, ವೇಗದೂತ, ತಡೆರಹಿತ. ಅವನು ಸಾಮಾನ್ಯದಿಂದ ವೇಗದೂತಕ್ಕೆ ತಿರುಗಿಸಿದ. ಗುಂಡಿ ಅಲ್ಲಿ ನಿಲ್ಲದೆ ಜಾರಿ ತಡೆರಹಿತಕ್ಕೆ ಹೋಗಿ, ಕಿತ್ತು ಅವನ ಕೈಗೇ ಬಂತು.

ಪೀ...! ಪೀ...! ಪೀ...!

"ಬಟ್ಟಲದಾಗ ಯಾರೂ ಹೆಬ್ಬೆಟ್ಟು ಇಟ್ಟಿಲ್ಲಲ್ಲೋ!" ಎಂದರು ಕಸ್ತೂರಕ್ಕ.

"ಬೇಕಾಗಿಲ್ಲಕ್ಕಾ! ಗಾಳಿಯಾಗಿಂದನ ಹಿಡಿಯಾಕತ್ತೈತಿ!" ಫಕೀರಪ್ಪನ ಕಣ್ಣು ಅರಳಿದವು. "ಇಷ್ಟು ಚುರುಕಾಗ್ತೈತಿ ಅಂತ ನಂಗೂ ಗೊತ್ತಿರಲಿಲ್ಲ!"

"ಮುಂದ ಸರೀರಿ, ಮುಂದ ಸರೀರಿ! ಖಾಲಿ ಐತಿ ಮುಂದ!" ಎಂದು ಬಾಳಪ್ಪನ ದನಿ ಗದರಿಸಿತು. ಟಿಕೆಟ್ಟುಗಳು ಹಾವಿನಂತೆ ಹರಿದುಬಂದವು. ಕಸ್ತೂರಕ್ಕ ಕನ್ನಡಕ ಏರಿಸಿ ಓದತೊಡಗಿದರು. 'ಕಿಟಕಿಯ ಕರಿಬೇವು. ಕಬ್ಬಿಣ ಕಡಿಮೆ. ಪಾಸ್.' 'ಹಿತ್ತಲ ಗೋಡೆ. ಕ್ಯಾಲ್ಸಿಯಂ ಕಡಿಮೆ. ಪಾಸ್.' 'ಸೀಲಿಂಗ್ ಫ್ಯಾನ್. ತಲೆಸುತ್ತು. ಪಾಸ್.' 'ಉಪ್ಪಿಟ್ಟು. ನಾರಿನಂಶ ಕಡಿಮೆ. ಪಾಸ್.'

"ನನ್ನ ಉಪ್ಪಿಟ್ಟಿಗೆ?!"

ಗುರುಶಿದ್ದಪ್ಪನವರು ನಕ್ಕರು. ನಕ್ಕದ್ದು ತಪ್ಪಾಯಿತೆಂದು ಹೆಂಡತಿಯ ಮುಖ ನೋಡಿ ತಿಳಿದು, ಕೆಮ್ಮಾಗಿ ಮಾರ್ಪಡಿಸಿದರು. ಯಂತ್ರ ಅದನ್ನೂ ಬಿಡದೆ 'ಕೆಮ್ಮು. ವಿಟಮಿನ್ ಸಿ. ಪಾಸ್' ಎಂದು ಹರಿದುಕೊಟ್ಟಿತು.

"ಆರಿಸೋ ಅದನ್ನ!"

"ಹೆಂಗ ಆರಿಸ್ಲಿ? ಗುಂಡಿ ಕೈಯಾಗ ಐತಿ! ಬ್ಯಾಟರಿ ವೈರಿಗೆ ಬೆಸಗಿ ಹಾಕೀನಿ, ಬಿಚ್ಚಾಕ ಸಾಮಾನು ಮನ್ಯಾಗ ಅದಾವ."

ರಗ್ಗು ತಂದು ಹೊದಿಸಿದರು. ರಗ್ಗಿಗೆ ಪ್ರೋಟೀನ್ ಕಡಿಮೆಯೆಂದು ಟಿಕೆಟ್ ಬಂತು. ಮೇಲೆ ಹಾಸಿಗೆ ಹಾಕಿದರು. ಹಾಸಿಗೆಗೂ ಬಂತು. ಕಡೆಗೆ ಒಂದು ತಾಸಿನ ಮೇಲೆ ಕಾಗದದ ಸುರುಳಿ ಮುಗಿದು, ಯಂತ್ರ "ಬಸ್ ಡಿಪೋಕ್ಕ ಹೊಂಟೈತಿ" ಎಂದು ಹೇಳಿ ಸುಮ್ಮನಾಯಿತು. ಮೂವರೂ ಉಸ್ಸೆಂದು ಕೂತು ಆರಿದ ಉಪ್ಪಿಟ್ಟು ತಿಂದರು.

ತಿನ್ನುತ್ತ ತಿನ್ನುತ್ತ ಕಸ್ತೂರಕ್ಕ ಕೇಳಿದರು, "ಪಾಸ್ ಬಂದ್ರ ಮುಂದ ಏನೋ ಮಾಡೋದು?"

"ನೀವೇನೂ ಮಾಡೋದಿಲ್ಲಕ್ಕಾ. ಮಾಮಾನ ಫೋನಿಗೆ ಜೋಡಿಸೀನಲ್ಲ? ಪಾಸ್ ಬಿದ್ದ ಕೂಡಲೇ ಅದಽ ಕಂಪನಿಗೆ ಹೇಳಿಬಿಡ್ತೈತಿ. ಮೊದಲ ತಿಂಗಳು ಪುಕಟ."

ಕಸ್ತೂರಕ್ಕ ಚಮಚ ಕೆಳಗಿಟ್ಟು, ಟಿಕೆಟ್ಟುಗಳ ಸುರುಳಿ ಎಳೆದುಕೊಂಡು ಪಾಸುಗಳನ್ನು ಎಣಿಸತೊಡಗಿದರು.

*

ಮಂಗಳವಾರ ಹತ್ತು ಗಂಟೆಗೆ ಮನೆ ಮುಂದೆ ಕೊರಿಯರ್ ಗಾಡಿ ನಿಂತಿತು. ಇಳಿದವಳು ಟೊಪ್ಪಿಗೆ ಹಾಕಿದ, ನಲವತ್ತು ದಾಟಿದ ಗಟ್ಟಿ ಹೆಣ್ಣುಮಗಳು. ಕೈಯಲ್ಲೊಂದು ಪಟ್ಟಿ.

"ಶ್ರೀ ಹಿತ್ತಲ ಗೋಡಿ ಅನ್ನೋರು ಇಲ್ಲೇ ಇರ್ತಾರೇನ್ರಿ?"

ಗುರುಶಿದ್ದಪ್ಪನವರು ಹಿಂದೆ ಮುಂದೆ ನೋಡಿದರು. "ಇರ್ತಾರ."

"ಓಟಿಪಿ ಹೇಳ್ರಿ ಅವರದು." ಓಟಿಪಿ ಯಜಮಾನರ ಫೋನಿಗೇ ಬಂದಿತ್ತು. ಹೇಳಿದರು. ಪೆಟ್ಟಿಗೆ ಇಳಿಯಿತು. "ಕುಮಾರಿ ಕರಿಬೇವು?" ಇನ್ನೊಂದು ಇಳಿಯಿತು. "ನಮ್ಮ ಕೆಲಸಾ ಕೊಡೋದು, ಕೇಳೋದಲ್ಲ. ಆದ್ರೂ ಕೇಳ್ತೀನ್ರಿ, ಸೀಲಿಂಗ್ ಫ್ಯಾನ್ ಅವರು ಎಲ್ಲಿ ಅದಾರ?"

"ಮ್ಯಾಲ ಅದಾರ," ಎಂದರು ಗುರುಶಿದ್ದಪ್ಪನವರು.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ತುಂಬಿತು. ಸೋಫಾ ಕಾಣಲಿಲ್ಲ. ಟಿವಿ ಕಾಣಲಿಲ್ಲ. ಪೆಟ್ಟಿಗೆಗಳ ನಡುವೆ ಒಂದು ಸಣ್ಣ ಓಣಿ ಬಿಟ್ಟುಕೊಂಡು ಗಂಡಹೆಂಡತಿ ಅಡ್ಡಡ್ಡ ನಡೆದಾಡಬೇಕಾಯಿತು. ಎದುರುಬದುರಾದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಬೇಕು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹಿಂದಕ್ಕೆ ಸರಿದ ಅನುಭವ ಇಬ್ಬರಿಗೂ ಇರಲಿಲ್ಲ. ಒಮ್ಮೆಯಂತೂ ಕಾಲು ತಾಸು ಹಾಗೇ ನಿಂತಿದ್ದರು.

"ನಿಮ್ಮ ಚಂದಾ!" ಎಂದರು ಕಸ್ತೂರಕ್ಕ.

"ನಿನ್ನ ತಮ್ಮ!" ಎಂದರು ಗುರುಶಿದ್ದಪ್ಪನವರು.

ರದ್ದು ಮಾಡಿಸಲು ಕಂಪನಿಗೆ ಫೋನ್ ಹಚ್ಚಿದರು. ಅಲ್ಲಿ ಮಾತಾಡಿದ್ದೂ ಯಂತ್ರವೇ. ಆದರೆ ಬಾಳಪ್ಪನ ಹಾಗಲ್ಲ, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ದನಿ.

"ನಮಸ್ಕಾರ. ತಮ್ಮ ಕರೆ ನಮಗೆ ಅಮೂಲ್ಯ. ಚಂದಾ ರದ್ದುಪಡಿಸಲು ಚಂದಾದಾರರು ಸ್ವತಃ ಮಾತನಾಡಬೇಕು. ಶ್ರೀ ಹಿತ್ತಲ ಗೋಡೆಯವರೇ, ಮಾತನಾಡಿ."

ಕಸ್ತೂರಕ್ಕ ಫೋನನ್ನು ಗಂಡನ ಬಾಯಿಗೆ ಹಿಡಿದರು. ಅವರು ಕಣ್ಣು ಅಗಲಿಸಿ, ತುಟಿ ಬಿಗಿದು, ಸುಮ್ಮನೆ ನಿಂತರು.

"ಮಾತಾಡ್ರೀ!"

"ಗೋಡಿ ಎಲ್ಲೆ ಮಾತಾಡ್ತೈತಿ?" ಎಂದು ಅವರು ಪಿಸುಗುಟ್ಟಿದರು. "ಸುಳ್ಳು ಅಂತ ಗೊತ್ತಾಗಿಬಿಡ್ತೈತಿ."

"ತಮ್ಮ ಮೌನವನ್ನು ಸಮ್ಮತಿಯೆಂದು ಭಾವಿಸಿ ಚಂದಾವನ್ನು ಎರಡು ವರ್ಷಕ್ಕೆ ವಿಸ್ತರಿಸಲಾಗಿದೆ. ಮುಂದಿನ ಚಂದಾದಾರರು, ಕುಮಾರಿ ಕರಿಬೇವು."

ಈ ಸಲ ಕಸ್ತೂರಕ್ಕ ತಾವೇ ಫೋನ್ ತೆಗೆದುಕೊಂಡರು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ನಾಟಕ ಕಲಿಸಿದ ಅನುಭವ ಇತ್ತಲ್ಲ! ದನಿಯನ್ನು ತೆಳ್ಳಗೆ, ಹಸಿರಾಗಿ ಮಾಡಿ, "ನಾ ಕರಿಬೇವು ಮಾತಾಡಾಕತ್ತೀನ್ರಿ. ನಂಗ ನಿಮ್ಮ ಪುಡಿ ಬ್ಯಾಡ್ರಿ. ಎಲಿ ಉದರಾಕತ್ತಾವ್ರಿ," ಎಂದರು.

"ತಮ್ಮ ತೊಂದರೆ ಕೇಳಿ ವಿಷಾದವಾಯಿತು. ಉದುರುವಿಕೆಗೆ ಕೇಶವರ್ಧಕ ಪೆಟ್ಟಿಗೆಯನ್ನೂ ಸೇರಿಸಲಾಗಿದೆ. ಧನ್ಯವಾದ!"

*

ಸಂಜೆ ಕಸ್ತೂರಕ್ಕ ನದಾಫ್ ಮೆಡಿಕಲ್‌ಗೆ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ. ಗಾಡಿ ತುಂಬ ಗುಳಿಗೆ ಬಂದದ್ದನ್ನು ಓಣಿಯೆಲ್ಲ ನೋಡಿತ್ತು. ಮರುದಿನ ಬೆಳಿಗ್ಗೆ ದಸ್ತಗೀರನೇ ಅಂಗಡಿ ತೆರೆಯುವ ಮೊದಲು ಮನೆಗೆ ಬಂದ. ಐವತ್ತರ ಹತ್ತಿರದ, ಮೆಲುಮಾತಿನ ಮನುಷ್ಯ. ಪೆಟ್ಟಿಗೆಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ಬಂದು ಅಕ್ಕೋರ ಮುಂದೆ ಕೈಕಟ್ಟಿ ನಿಂತ.

"ನಮ್ಮ ಅಂಗಡಿ ಬಿಟ್ರಂತ ಕೇಳಿದ್ನಿ, ಅಕ್ಕೋರ."

"ನಾ ಎಲ್ಲೆ ಬಿಟ್ಟೀನೋ, ದಸ್ತಗೀರಾ! ಇದೆಲ್ಲಾ ಗೋಡಿದು, ಫ್ಯಾನಿಂದು. ನಂದು ಒಂದ ಪೆಟ್ಟಿಗಿ." ನಡೆದದ್ದನ್ನೆಲ್ಲ ಹೇಳಿದರು. "ಆ ಸುಡಗಾಡ ಮಷೀನು ನನ್ನ ಒಂಬತ್ತು ಡಬ್ಬಿ ಅನಗತ್ಯ ಅಂತು ನೋಡು, ಅಲ್ಲಿಂದ ಸುರುವಾತು."

ದಸ್ತಗೀರ ಮೇಜಿನ ಮೇಲಿನ ಡಬ್ಬಿಗಳನ್ನು ನೋಡಿದ.

"ಒಂದು ಮಾತು ಹೇಳ್ಲೇನ್ರಿ? ಸಿಟ್ಟಿಗೇಳಬಾರದು. ಮಷೀನ್ ಖರೇನ ಹೇಳೈತಿ. ನಿಮಗ ಬೇಕಾದ್ದು ಒಂದ. ಮಾಮಾರಿಗೆ ಒಂದು, ಅದೂ ಸ್ವಲ್ಪ ದಿನಾ. ಉಳಿದದ್ದು ನೀವು ಕೇಳಿದ್ರಿ, ನಾ ಕೊಟ್ಟೆ."

"ಮತ್ತ ಬ್ಯಾಡ ಅನ್ನಬಾರದಿತ್ತ?"

"ಹದಿಮೂರರ ಮಗ್ಗಿ ತಪ್ಪಿದಾಗ ನೀವು ಬೆಂಚಿನ ಮ್ಯಾಲ ನಿಂದ್ರಿಸಿದ್ರಿ, ಅಕ್ಕೋರ. ಅವತ್ತಿಂದ ನಿಮಗ ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ."

ಕಸ್ತೂರಕ್ಕ ಕನ್ನಡಕ ತೆಗೆದು ಅವನ ಮುಖ ನೋಡಿದರು. ಆಮೇಲೆ ಅವರಿಗೆ ನಗು ಬಂತು. ಎಷ್ಟು ನಕ್ಕರೆಂದರೆ ಮೇಲಿನ ಎರಡು ಪೆಟ್ಟಿಗೆ ಉರುಳಿ ಬಿದ್ದವು. ದಸ್ತಗೀರನೂ ನಕ್ಕ. ಪೇಪರಿನ ಹಿಂದೆ ಕೂತಿದ್ದ ಗುರುಶಿದ್ದಪ್ಪನವರು, "ಹಂಗಾರ ಬಿಡಿ ತಗೊಂಡ್ರೂ ತಪ್ಪು, ಚಂದಾ ಮಾಡಿದ್ರೂ ತಪ್ಪು!" ಎಂದು ಸಮಾಧಾನದಿಂದ ಹೇಳಿದರು. ತಾವೊಬ್ಬರೇ ತಪ್ಪಲ್ಲ ಎಂಬುದು ಅವರಿಗೆ ಬಹಳ ಹಿತವಾಗಿತ್ತು.

ಹನ್ನೊಂದಕ್ಕೆ ಫಕೀರಪ್ಪ ಸಾಮಾನಿನ ಚೀಲ ಹಿಡಿದು ಬಂದ. ಯಂತ್ರ ಬಿಚ್ಚುವುದಕ್ಕೆಂದು ಹೇಳಿದ. ಆದರೆ ಚೀಲದಿಂದ ಮೊದಲು ಹೊರಬಂದದ್ದು ಹೊಸ ಕಾಗದದ ಸುರುಳಿ.

"ಅದ್ಯಾಕೋ?"

"ಬಿಚ್ಚೋಕಿಂತ ಮೊದಲ ಎಲ್ಲಿ ತಪ್ಪೈತಿ ಅಂತ ಒಮ್ಮಿ ನೋಡಬೇಕಲ್ಲಕ್ಕಾ? ಖಾಲಿ ಯಂತ್ರ ಏನ್ ಹೇಳ್ತೈತಿ?" ಅಕ್ಕ ಎದ್ದು ಬರುವಷ್ಟರಲ್ಲಿ ಅವನು ಸುರುಳಿ ಹಾಕಿಯಾಗಿತ್ತು.

ಕಸ್ತೂರಕ್ಕ ಆಗ ಕಂಪನಿಗೆ ಆರನೆಯ ಸಲ ಫೋನ್ ಹಚ್ಚಿ ಕಾಯುತ್ತಿದ್ದರು. ಆ ಕಡೆಯಿಂದ ಬರೀ ಕೊಳಲು ಕೇಳುತ್ತಿತ್ತು. ಕಿವಿಗೆ ಹಿಡಿದು ಹಿಡಿದು ಕೈ ಸೋತು, ಸ್ಪೀಕರ್ ಹಾಕಿ, ದನಿ ಜೋರಾಗಿ ಕೇಳಲೆಂದು ಫೋನನ್ನು ಎದುರಿಗಿದ್ದ ತಾಮ್ರದ ಬಟ್ಟಲಲ್ಲಿ ಇಟ್ಟುಬಿಟ್ಟರು. ಅದು ಯಾವ ಬಟ್ಟಲೆಂದು ಅವರಿಗೆ ಹೊಳೆಯಲೇ ಇಲ್ಲ.

ಪೀ...!

"ನಮಸ್ಕಾರ. ತಮ್ಮ ಕರೆ ನಮಗೆ ಅಮೂಲ್ಯ," ಎಂದಿತು ಸಕ್ಕರೆ ದನಿ.

"ಅಮೂಲ್ಯ ಅನ್ನೋ ಊರಿಗೆ ಈ ಬಸ್ ಹೋಗಂಗಿಲ್ಲ!" ಎಂದು ಬಾಳಪ್ಪನ ದನಿ ಗದರಿತು. "ಎಲ್ಲಿಗೆ ಹೇಳ್ರಿ ಸರೀ!"

"ತಮ್ಮ ಮಾತು ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ."

"ಬಾಗಲದಾಗ ನಿಂದ್ರಬ್ಯಾಡ್ರಿ! ಒಳಗ ಬರ್ರಿ, ಇಲ್ಲಾ ಕೆಳಗ ಇಳೀರಿ!"

"ತಾವು ಒಳಗೆ ಬರಲು ಒಪ್ಪಿಗೆ ಕೇಳುತ್ತಿದ್ದೀರಿ. ಒಪ್ಪಿಗೆ ನೀಡಲಾಗಿದೆ."

ಯಂತ್ರದೊಳಗೆಲ್ಲೋ ಗೇರು ಬದಲಿಸಿದಂಥ ಸದ್ದಾಗಿ, ಒಂದೇ ಒಂದು ಟಿಕೆಟ್ ನಿಧಾನವಾಗಿ ಹೊರಬಂತು. ಫಕೀರಪ್ಪ ಹರಿದು ಓದಿದ: 'ನಿತ್ಯಸತ್ವ ಕಂಪನಿ. ಸಕಲವೂ ಕಡಿಮೆ. ಪಾಸ್. ತಡೆರಹಿತ.'

"ಧನ್ಯವಾದ," ಎಂದಿತು ಸಕ್ಕರೆ ದನಿ. "ತಮ್ಮ ಚಂದಾ ಸ್ವೀಕರಿಸಲಾಗಿದೆ." ಫೋನ್ ಕಟ್ಟಾಯಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಏನೂ ತಿಳಿಯಲಿಲ್ಲ. ಫಕೀರಪ್ಪ ಮಾತ್ರ ಟಿಕೆಟನ್ನು ಜೇಬಿಗೆ ಹಾಕಿಕೊಂಡು, "ಈ ಸಲ ಗಾಳಿಯಾಗಿಂದಲ್ಲ, ತಂತಿಯೊಳಗಿಂದನ ಹಿಡದೈತಿ," ಎಂದು ಮೆಲ್ಲಗೆ ಹೇಳಿದ. ಆ ದನಿಯಲ್ಲಿ ಭಯಕ್ಕಿಂತ ಭಕ್ತಿಯೇ ಹೆಚ್ಚಿತ್ತು. ಬಿಚ್ಚುವ ಮಾತನ್ನು ಅವನು ಎತ್ತಲೇ ಇಲ್ಲ, ಯಂತ್ರವೂ ಆ ಒಂದು ಟಿಕೆಟ್ಟಿನ ಮೇಲೆ ತಣ್ಣಗೆ ಕೂತಿತು.

*

ಗುರುವಾರ ಒಂದು ಪೆಟ್ಟಿಗೆಯೂ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಕೊರಿಯರ್ ಹೆಣ್ಣುಮಗಳು ಬರಿಗೈಯಲ್ಲಿ ಬಂದು ಕುಡಿಯಲು ನೀರು ಕೇಳಿದಳು.

"ಕಂಪನಿ ಗೋದಾಮದಾಗ ಏನಾಗೈತಿ ಗೊತ್ತಿಲ್ರಿ. ಎಲ್ಲಾ ಪೆಟ್ಟಿಗಿ ಮ್ಯಾಲೂ ಒಂದ ವಿಳಾಸ ಐತಿ, ಅದ ಗೋದಾಮದ್ದು! ಮುಂಜಾನಿಂದ ಮುಂದಿನ ಗೇಟಿನ್ಯಾಗ ತಗೊಂಡು ಹಿಂದಿನ ಗೇಟಿನ್ಯಾಗ ಕೊಡಾಕತ್ತೀವಿ. ಹಿಂದಿನ ಗೇಟಿನ್ಯಾಗ ಇಳಿಸಿದ್ದು ಮತ್ತ ಮುಂದಿನ ಗೇಟಿಗೆ ಬಂದಿರ್ತೈತಿ! ಹನ್ನೊಂದು ಗಾಡಿ ಗೋದಾಮಕ್ಕ ಪ್ರದಕ್ಷಿಣಿ ಹಾಕಾಕತ್ತಾವ. ಮಂದಿ ಗುಡಿ ಅಂತ ಕೈ ಮುಗದು ಹೊಂಟಾರ."

ಹೊರಗಿನವರ ಕಣ್ಣಿಗೆ ಕಂಪನಿ ಭರ್ಜರಿಯಾಗಿ ನಡೆಯುತ್ತಿತ್ತು. ಒಂದು ಗುಳಿಗೆಯೂ ಯಾರ ಹೊಟ್ಟೆಗೂ ಸೇರುತ್ತಿರಲಿಲ್ಲ, ಅಷ್ಟೇ.

ಸಂಜೆ ದಸ್ತಗೀರ, ಫಕೀರಪ್ಪ ಇಬ್ಬರೂ ಕಸ್ತೂರಕ್ಕನ ಮನೆಯಲ್ಲಿ ಕೂತಿದ್ದಾಗ ಕಂಪನಿಯ ಮ್ಯಾನೇಜರ್ ಪದಕಿ ಅವರೇ ಫೋನ್ ಮಾಡಿದರು. ಈ ಸಲ ಜೀವಂತ ಮನುಷ್ಯನ ದನಿ. ಗಂಟಲು ಬಿದ್ದುಹೋಗಿತ್ತು.

"ಮೇಡಂ, ನಿಮ್ಮ ಮನಿಯೊಳಗಿನ ಯಾವುದೋ ಯಂತ್ರ ನಮ್ಮ ಕಂಪನಿನ್ನ ನಮಗಽ ಚಂದಾದಾರ ಮಾಡೇದ. ನಾನು ಎರಡು ದಿನದಿಂದ ರದ್ದು ಮಾಡಸ್ಲಿಕ್ಕೆ ಹತ್ತೇನಿ. ನಮ್ಮ ಫೋನಿನ ಹುಡುಗಿ... ಅಂದರ ಆ ಯಂತ್ರ... ನನ್ನ ಮಾತು ಕೇಳವಲ್ಲದು. ನನಗ ದನಿ ಕ್ಷೀಣ ಅದ ಅಂತ ಶಕ್ತಿವರ್ಧಕ ಪೆಟ್ಟಿಗಿ ಬರದದ."

ಕಸ್ತೂರಕ್ಕ ಕನ್ನಡಕ ಸರಿಮಾಡಿಕೊಂಡರು. ಟಿಕೆಟ್ಟುಗಳ ಸುರುಳಿಯನ್ನು ಮುಂದೆ ಹರವಿಕೊಂಡರು. ಮೂವತ್ತಮೂರು ವರ್ಷದ ದನಿ ತಾನಾಗಿ ಬಂತು.

"ಪದಕಿಯವರ, ನೆಟ್ಟಗೆ ಕುಂದ್ರಿ. ನಮ್ಮ ಮಷೀನಿನ ವೈರ್ ಈಗ ಕಿತ್ತಿಸ್ತೀನಿ. ಅದಕ್ಕಿಂತ ಮೊದಲ ನಾ ಒಂದೊಂದು ಹೆಸರು ಕರೀತೀನಿ. ನೀವು ನಿಮ್ಮ ಕೈಯಾರೆ ಪಟ್ಟಿಯಾಗಿಂದ ಹೊಡೆದು ಹಾಕಿ ರದ್ದು ಅನ್ನಬೇಕು. ಹಿತ್ತಲ ಗೋಡಿ!"

"ರದ್ದು, ಮೇಡಂ."

"ಕರಿಬೇವು!"

"ರದ್ದು, ಮೇಡಂ. ಕೇಶವರ್ಧಕನೂ ರದ್ದು."

"ಜೋರಾಗಿ ಹೇಳ್ರಿ. ಹಿಂದಿನ ಬೆಂಚಿಗೂ ಕೇಳಬೇಕು. ಉಪ್ಪಿಟ್ಟು!"

ಹಾಜರಿ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ಕಡೆಯ ಹೆಸರು ಕಸ್ತೂರಕ್ಕನದೇ. ಅದನ್ನು ಕರೆದು ಅವರೊಂದು ಕ್ಷಣ ತಡೆದರು. ಬಿ ಟ್ವೆಲ್ವ್ ಅವರಿಗೆ ಖಂಡಿತ ದಿನವೂ ಬೇಕಾಗಿತ್ತು. ಪಾಸು ತಪ್ಪಲ್ಲ. ಪಕ್ಕದಲ್ಲಿ ಕೂತಿದ್ದ ದಸ್ತಗೀರ ಆಗ ಮೆಲ್ಲಗೆ ಹೇಳಿದ: "ತಿಂಗಳಾ ಒಂದು ಗುಳಿಗಿ ಪಟ್ಟಿ ನಿಮ್ಮ ಹೆಸರಲೆ ಎತ್ತಿ ಇಟ್ಟಿರ್ತೀನಿ, ಅಕ್ಕೋರ. ಡಾಕ್ಟರ್ ಬ್ಯಾಡ ಅಂದ ದಿನಾ ಬ್ಯಾಡ ಅನ್ರಿ. ಮುಗೀತು."

"ನಾ ಹತ್ತನೇ ಡಬ್ಬಿ ಕೇಳಾಕ ಬಂದ್ರ?"

ದಸ್ತಗೀರ ಅಂಗಿಯ ಗುಂಡಿ ಸರಿಮಾಡಿಕೊಂಡ. "ಬ್ಯಾಡ ಅಂತೀನ್ರಿ." ಹೇಳಿದ ಮೇಲೆ ತಾನೇ ಬೆಚ್ಚಿ, "ನಿಂತಕೊಂಡ ಹೇಳ್ತೀನಿ," ಎಂದು ಸೇರಿಸಿದ.

"ರದ್ದು," ಎಂದರು ಕಸ್ತೂರಕ್ಕ ಫೋನಿಗೆ. ಫಕೀರಪ್ಪ ಒಲ್ಲದ ಮನಸ್ಸಿನಿಂದ ಬ್ಯಾಟರಿಯ ವೈರ್ ಕತ್ತರಿಸಿದ. "ಕಡೇ ಸ್ಟಾಪ್, ಎಲ್ಲಾರೂ ಇಳೀರಿ..." ಎನ್ನುತ್ತ ಬಾಳಪ್ಪನ ದನಿ ಕರಗಿಹೋಯಿತು. ಹನ್ನೊಂದು ಗಾಡಿಗಳ ಪ್ರದಕ್ಷಿಣೆ ಅಂದೇ ನಿಂತಿತಂತೆ. ಶನಿವಾರ ಕೊರಿಯರಿನವಳು ಬಂದು ಪೆಟ್ಟಿಗೆಗಳನ್ನೆಲ್ಲ ಹಿಂದಕ್ಕೆ ಹೇರಿಕೊಂಡು ಹೋದಳು. ಸೋಫಾ ಕಾಣಿಸಿಕೊಂಡಾಗ ಗುರುಶಿದ್ದಪ್ಪನವರು ಬಹಳ ದಿನದ ನಂತರ ಊರಿಗೆ ಬಂದ ನೆಂಟನನ್ನು ಕಂಡಂತೆ ಅದರ ಬೆನ್ನು ತಟ್ಟಿದರು.

ಆ ನಂತರದ ಮೂರು ತಿಂಗಳು ಮನೆ ತಣ್ಣಗಿತ್ತು. ಮೇಜಿನ ಮೇಲೆ ಎರಡೇ ಪಟ್ಟಿ ಗುಳಿಗೆ. ಗುರುಶಿದ್ದಪ್ಪನವರು ದಿನವೂ ಬೆಳಗಿನ ಬಿಸಿಲಿನಲ್ಲಿ ನಡೆಯತೊಡಗಿದರು. ಕಸ್ತೂರಕ್ಕ ಸಂಜೆ ಏನೂ ಕೊಳ್ಳದೆ ಸುಮ್ಮನೆ ಹೋಗಿ ದಸ್ತಗೀರನ ಕಟ್ಟೆಯ ಮೇಲೆ ಕೂತು ಬರತೊಡಗಿದರು. ನೆಪ ಬೇಕಾಗಿಯೇ ಇರಲಿಲ್ಲ ಎಂಬುದು ಅವರಿಗೆ ಮೊದಲ ಸಂಜೆಯೇ ತಿಳಿಯಿತು.

ಮೂರು ತಿಂಗಳಾದ ಮೇಲೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡು ಡಾಕ್ಟರಲ್ಲಿಗೆ ಹೋದರು. ಡಾಕ್ಟರು ಚೀಟಿಗಳನ್ನು ನೋಡಿ, "ಛಲೋ ಐತಿ ಇಬ್ಬರದೂ! ಗುರುಶಿದ್ದಪ್ಪನೋರು ಡಿ ಗುಳಿಗಿ ನಿಲ್ಲಿಸ್ರಿ. ಒಂದ ಮಾತು, ಬಿಪಿ ಸ್ವಲ್ಪ ಏರೈತಿ. ಊಟದಾಗ ಉಪ್ಪು ಕಡಿಮಿ ಮಾಡಬೇಕು. ಎಷ್ಟು ಹಾಕ್ತೀವಿ ಅಂತ ಅಳದು ಹಾಕ್ರಿ," ಎಂದರು.

ಮರಳುವ ದಾರಿಯಲ್ಲಿ ಆಟೋದಲ್ಲಿ ಫಕೀರಪ್ಪನ ಫೋನ್ ಬಂತು. "ಅಕ್ಕಾ, ಏನಂದ್ರು ಡಾಕ್ಟರು?"

ಕಸ್ತೂರಕ್ಕ ಗಂಡನ ಮುಖ ನೋಡಿದರು. ಗುರುಶಿದ್ದಪ್ಪನವರು ಬಾಯಿ ತೆರೆಯದೆ, ಜೋರಾಗಿ, ಎರಡೂ ಕಡೆ ತಲೆಯಾಡಿಸಿದರು.

"ಏನೂ ಇಲ್ಲಪಾ," ಎಂದರು ಕಸ್ತೂರಕ್ಕ. "ಅಳೆಯೋದು, ಎಣಿಸೋದು ಏನೂ ಇಲ್ಲಂತ."

ಮೂವತ್ತೆಂಟು ವರ್ಷದಲ್ಲಿ ಗಂಡಹೆಂಡತಿ ಒಂದೂ ಮಾತಾಡದೆ ಒಮ್ಮತಕ್ಕೆ ಬಂದದ್ದು ಅದೇ ಮೊದಲು.